ಡಿಸ್ಕ್ ಎರಡಿದ್ದರೂ ಪ್ರತಿ ಒಂದೇ: ಮನೆಯ ನ್ಯಾಸ್ ಮತ್ತು ಬ್ಯಾಕಪ್ ಬಗ್ಗೆ

ಪ್ರಶ್ನೆ: ನಮ್ಮದು ಮೈಸೂರು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಅಪ್ಪ ಇದ್ದೇವೆ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಹೋದ ತಿಂಗಳು ಸೈನಾಲಜಿ ಕಂಪನಿಯ, ಎರಡು ಡಿಸ್ಕ್ ಹಿಡಿಯುವ ನ್ಯಾಸ್ (ಮನೆಯವರೆಲ್ಲರ ಫೈಲುಗಳನ್ನು ಮನೆಯ ನೆಟ್‌ವರ್ಕ್‌ನಲ್ಲಿ ಒಂದೇ ಕಡೆ ಇಡುವ ಪೆಟ್ಟಿಗೆ) ತಂದೆವು. 4 ಟಿಬಿಯ ಎರಡು ಡಿಸ್ಕ್ ಹಾಕಿ, ಒಂದರಲ್ಲಿ ಇರುವುದೇ ಇನ್ನೊಂದರಲ್ಲೂ ಇರುವಂತೆ ಅಂಗಡಿಯವರು ಸೆಟ್ ಮಾಡಿಕೊಟ್ಟಿದ್ದಾರೆ. ಎಲ್ಲರ ಫೋನಿನ ಫೋಟೋ, ಹಳೆಯ ಲ್ಯಾಪ್‌ಟಾಪ್‌ನ ಫೈಲುಗಳು, ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಕ್ಯಾಸೆಟ್‌ನಿಂದ ಇಳಿಸಿದ ಆಡಿಯೋ, ಎಲ್ಲ ಸೇರಿ ಸುಮಾರು 600 ಜಿಬಿ ಆಗಿದೆ. ಮನೆಗೆ ಇನ್ವರ್ಟರ್ ಇದೆ. ಇನ್ನು ಫೋನುಗಳಲ್ಲಿ ಇರುವುದನ್ನು ಅಳಿಸಿ, ಗೂಗಲ್‌ಗೆ ಕಟ್ಟುವ ದುಡ್ಡನ್ನು ನಿಲ್ಲಿಸಬಹುದಾ? ಹೊರಗಡೆಯಿಂದ ಫೋಟೋ ನೋಡಬೇಕಾದರೆ ರೂಟರ್‌ನಲ್ಲಿ ಪೋರ್ಟ್ ತೆರೆಯಬೇಕು ಅಂತಾರೆ. ಮಾಡಿಸಲಾ?

ಉತ್ತರ: ನಮಸ್ಕಾರ ಮೇಡಂ. ಮೊದಲು ಎರಡು ಮಾತು ಹೇಳಿಬಿಡುತ್ತೇನೆ. ಫೋನಿನಿಂದ ಈಗಲೇ ಏನನ್ನೂ ಅಳಿಸಬೇಡಿ. ರೂಟರ್‌ನಲ್ಲಿ ಪೋರ್ಟ್ ತೆರೆಸಬೇಡಿ. ಇವೆರಡನ್ನು ಮಾಡದೆ ಇದ್ದರೆ ಉಳಿದದ್ದನ್ನು ನಿಧಾನವಾಗಿ ಸರಿ ಮಾಡಿಕೊಳ್ಳಬಹುದು.

ನಿಮ್ಮ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇವೆ, ಹಾಗಾಗಿ ಎರಡು ಪ್ರತಿ ಇದೆ ಅಂತ ಅಂದುಕೊಂಡಿದ್ದೀರಿ. ನ್ಯಾಸ್ ಕೊಂಡವರಲ್ಲಿ ಹೆಚ್ಚಿನವರು ಹೀಗೇ ಅಂದುಕೊಳ್ಳುತ್ತಾರೆ. ಅಂಗಡಿಯವರು ಮಾಡಿಕೊಟ್ಟಿರುವುದನ್ನು ಮಿರರ್ ಅಂತಾರೆ, ಅಂದರೆ ಕನ್ನಡಿ. ಹೆಸರಿಗೆ ತಕ್ಕ ಹಾಗೆಯೇ ಅದರ ಕೆಲಸ. ನೀವು ಒಂದು ಫೋಟೋ ಹಾಕಿದರೆ ಎರಡೂ ಡಿಸ್ಕ್‌ನಲ್ಲಿ ಬರೆಯುತ್ತದೆ. ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಸುತ್ತದೆ. ವೈರಸ್ ಬಂದು ಫೈಲುಗಳಿಗೆ ಬೀಗ ಹಾಕಿದರೆ ಎರಡಕ್ಕೂ ಬೀಗ ಬೀಳುತ್ತದೆ. ಕಳ್ಳ ಪೆಟ್ಟಿಗೆ ಎತ್ತಿಕೊಂಡು ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹಾಗಾದರೆ ಕನ್ನಡಿಯಿಂದ ಉಪಯೋಗವೇ ಇಲ್ವಾ? ಇದೆ. ಒಂದು ಡಿಸ್ಕ್ ಸುಸ್ತಾಗಿ ನಿಂತುಹೋದರೆ ಇನ್ನೊಂದರ ಮೇಲೆ ಕೆಲಸ ನಡೆಯುತ್ತಲೇ ಇರುತ್ತದೆ. ನೀವು ಹೊಸ ಡಿಸ್ಕ್ ತಂದು ಹಾಕುತ್ತೀರಿ, ಅದು ತಾನೇ ತುಂಬಿಕೊಳ್ಳುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆದರೂ 4 ಟಿಬಿಯ ಡಿಸ್ಕ್ ಪೂರ್ತಿ ತುಂಬಲು ಏಳು ಗಂಟೆಗೂ ಜಾಸ್ತಿ ಬೇಕು. ಅಷ್ಟು ಹೊತ್ತೂ ಉಳಿದ ಒಂದೇ ಡಿಸ್ಕ್ ಎಡೆಬಿಡದೆ ಓಡಬೇಕು. ಎರಡೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬ್ಯಾಚ್‌ನಲ್ಲಿ ಬಂದಿದ್ದರೆ ಎರಡನೆಯದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ. ಇದೊಂದು ಕಾರಣಕ್ಕೂ ಕನ್ನಡಿಯನ್ನೇ ನಂಬಿ ಕೂರಬಾರದು.

ಇದು ನಾನು ಓದಿ ಹೇಳುತ್ತಿರುವ ಮಾತಲ್ಲ. ನಮ್ಮ ಮನೆ ಮಲೆನಾಡಿನಲ್ಲಿದೆ. ಕೆಲವು ವರ್ಷಗಳ ಹಿಂದೆ, ಏಪ್ರಿಲ್‌ನ ಒಂದು ಸಂಜೆ, ಮೊದಲ ಮಳೆಗೆ ಮುಂಚೆ ಬರುವ ಗುಡುಗು ಶುರುವಾಯಿತು. ನಾನು ಎಚ್ಚರಿಕೆಯಿಂದ ಟಿವಿ ಪ್ಲಗ್ ತೆಗೆದೆ, ಕಂಪ್ಯೂಟರ್ ಪ್ಲಗ್ ತೆಗೆದೆ. ನ್ಯಾಸ್ ಯುಪಿಎಸ್ ಮೇಲಿದೆ, ಅದಕ್ಕೇನೂ ಆಗದು ಅಂದುಕೊಂಡೆ. ಮನೆ ಹಿಂದಿನ ಗೋಡೆಗೆ ಒಂದು ಕ್ಯಾಮೆರಾ ಹಾಕಿದ್ದೆವು. ಅದರ ನೆಟ್‌ವರ್ಕ್ ಕೇಬಲ್ ಸೂರಿನ ಕೆಳಗೆ ಹಾದು ಒಳಗಿನ ಸ್ವಿಚ್‌ಗೆ ಬರುತ್ತಿತ್ತು. ಸಿಡಿಲು ಬಿದ್ದದ್ದು ತೋಟದ ತೆಂಗಿನ ಮರಕ್ಕೆ. ಅದರ ಏಟು ಬಂದದ್ದು ಆ ಕೇಬಲ್‌ನಲ್ಲಿ. ಕ್ಯಾಮೆರಾ, ಸ್ವಿಚ್, ನ್ಯಾಸ್, ಅದರೊಳಗಿನ ಎರಡೂ ಡಿಸ್ಕ್, ನ್ಯಾಸ್‌ಗೆ ಯುಎಸ್‌ಬಿಯಲ್ಲಿ ಸದಾ ಚುಚ್ಚಿಟ್ಟಿದ್ದ ಬ್ಯಾಕಪ್ ಡಿಸ್ಕ್, ಎಲ್ಲವೂ ಒಂದೇ ಕ್ಷಣದಲ್ಲಿ ಹೋದವು. ಡಿಸ್ಕ್ ಹೊರಗೆ ಎಳೆದಾಗ ಕೆಳಗಿನ ಹಸಿರು ಬೋರ್ಡಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಚಿಕ್ಕದೊಂದು ಚಿಪ್ ಒಡೆದು, ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು.

ದೀಪಾವಳಿಗೆ ಅಕ್ಕನ ಮನೆಗೆ ಹೋಗುವಾಗ ಒಂದು ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿ ಅಲ್ಲೇ ಇಟ್ಟು ಬಂದಿದ್ದೆ. ಅದೇ ನಮ್ಮನ್ನು ಉಳಿಸಿತು. ಆದರೆ ದೀಪಾವಳಿಯಿಂದ ಏಪ್ರಿಲ್‌ವರೆಗಿನ ಐದು ತಿಂಗಳಿನದು ಹೋಯಿತು. ಆ ಐದು ತಿಂಗಳಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡಿದ್ದರು. ಅವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ಮಾತಾಡಿದ ಎರಡು ವಿಡಿಯೋ ನನ್ನ ಫೋನಿನಲ್ಲಿದ್ದವು. ನ್ಯಾಸ್‌ಗೆ ಬಂದಿದೆಯಲ್ಲ ಅಂತ ಫೋನಿನಿಂದ ಅಳಿಸಿದ್ದೆ. ಆಮೇಲೆ ಅವು ಎಲ್ಲೂ ಸಿಗಲಿಲ್ಲ. ಫೋನಿನಿಂದ ಅಳಿಸಬೇಡಿ ಅಂತ ಮೊದಲೇ ಹೇಳಿದ್ದು ಅದಕ್ಕೇ.

ಬ್ಯಾಕಪ್‌ಗೆ ಹಳೆಯದೊಂದು ಲೆಕ್ಕ ಇದೆ, 3-2-1 ಅಂತಾರೆ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನನ್ನ ಅನುಭವದಲ್ಲಿ ಇದರಲ್ಲಿ ಜನ ಬಿಟ್ಟುಬಿಡುವುದು ಕೊನೆಯ ಒಂದನ್ನು. ಅದೇ ಎಲ್ಲಕ್ಕಿಂತ ಮುಖ್ಯ.

ನಿಮ್ಮ ಮನೆಗೆ ಇದನ್ನು ಹೀಗೆ ಹೊಂದಿಸಬಹುದು. 2 ಟಿಬಿಯ ಎರಡು ಯುಎಸ್‌ಬಿ ಡಿಸ್ಕ್ ತನ್ನಿ. ಸದ್ಯ 600 ಜಿಬಿ ಇದೆ, ಕೆಲವು ವರ್ಷಕ್ಕೆ ಸಾಕು. ಒಂದಕ್ಕೆ ಕೆಂಪು ಸ್ಟಿಕರ್, ಇನ್ನೊಂದಕ್ಕೆ ಹಸಿರು. ಕೆಂಪು ಡಿಸ್ಕ್‌ಗೆ ಪೂರ್ತಿ ಬ್ಯಾಕಪ್ ಮಾಡಿ ತಮ್ಮನ ಕೈಲಿ ಬೆಂಗಳೂರಿಗೆ ಕಳಿಸಿ. ಹಸಿರು ನಿಮ್ಮಲ್ಲಿರಲಿ. ಪ್ರತಿ ಭಾನುವಾರ ಚುಚ್ಚಿ, ಬ್ಯಾಕಪ್ ಮುಗಿದ ಮೇಲೆ ತೆಗೆದು ಬೀರುವಿನಲ್ಲಿಡಿ. ಸದಾ ಚುಚ್ಚಿಡಬೇಡಿ. ದಸರಾಕ್ಕೆ ತಮ್ಮ ಊರಿಗೆ ಬಂದೇ ಬರುತ್ತಾರೆ, ಅಲ್ವಾ? ಆಗ ಕೆಂಪು ಇಲ್ಲಿಗೆ, ಹಸಿರು ಅಲ್ಲಿಗೆ. ಯುಗಾದಿಗೆ ಮತ್ತೆ ಅದಲು ಬದಲು. ಹಬ್ಬದ ಜೊತೆ ಸೇರಿಸಿದರೆ ಮರೆಯುವುದಿಲ್ಲ. "ತಿಂಗಳಿಗೊಮ್ಮೆ ಮಾಡೋಣ" ಅಂದುಕೊಂಡ ಕೆಲಸ ಎಷ್ಟು ಮನೆಗಳಲ್ಲಿ ನಿಂತುಹೋಗಿದೆ ಅಂತ ನೋಡಿದ್ದೇನೆ.

ಎರಡು ಹಬ್ಬದ ನಡುವಿನ ಆರು ತಿಂಗಳಿಗೆ ಏನು ಮಾಡುವುದು? ನನ್ನ ತಪ್ಪು ಆಗಿದ್ದು ಅಲ್ಲೇ. ಅದಕ್ಕೆ ಗೂಗಲ್ ದುಡ್ಡನ್ನು ನಿಲ್ಲಿಸಬೇಡಿ ಅಂತಲೇ ಹೇಳುತ್ತೇನೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಹೊಸ ಫೋಟೋಗಳಿಗೆ ಲೆಕ್ಕವಿಲ್ಲದಷ್ಟು ಪುಕ್ಕಟೆ ಜಾಗ ಸಿಗುವುದು ನಿಂತಿದೆ. ಜಿಮೇಲ್, ಡ್ರೈವ್, ಫೋಟೋ ಎಲ್ಲಕ್ಕೂ ಸೇರಿ 15 ಜಿಬಿ ಮಾತ್ರ ಪುಕ್ಕಟೆ. ಹಾಗಂತ 600 ಜಿಬಿಯನ್ನೂ ಅಲ್ಲಿ ಇಡುವ ಅಗತ್ಯವಿಲ್ಲ.

ಒಂದು ಸಂಜೆ ಅಪ್ಪನ ಜೊತೆ ಕೂತು ಒಂದು ಪಟ್ಟಿ ಮಾಡಿ. ಯಾವುದು ಹೋದರೆ ಮತ್ತೆ ಸಿಗುವುದೇ ಇಲ್ಲ? ಆಧಾರ್, ಗಾಡಿಯ ಆರ್‌ಸಿ ಡಿಜಿಲಾಕರ್‌ನಲ್ಲಿ ಮತ್ತೆ ಸಿಗುತ್ತವೆ. ಇಳಿಸಿಕೊಂಡ ಸಿನಿಮಾಗಳು ಸಿಗುತ್ತವೆ. ಮದುವೆಯ ಆಲ್ಬಮ್ ಬಹುಶಃ ನೆಂಟರ ಹತ್ತಿರವೂ ಇರುತ್ತದೆ. ಆದರೆ ಅಜ್ಜಿಯ ಸೋಬಾನೆ ಪದಗಳು? ಆ ಕ್ಯಾಸೆಟ್‌ಗಳು ಇನ್ನೂ ಇವೆಯಾ? ಇದ್ದರೂ ಟೇಪು ವರ್ಷವರ್ಷಕ್ಕೆ ಹಾಳಾಗುತ್ತಲೇ ಇರುತ್ತದೆ. ಮಳೆಗಾಲದ ತಂಡಿಗೆ ಬೂಸ್ಟು ಹಿಡಿಯುತ್ತದೆ. ಇನ್ನೊಮ್ಮೆ ಇಳಿಸಿದರೆ ಇಷ್ಟೇ ಚೆನ್ನಾಗಿ ಬರುತ್ತದೆ ಅಂತ ಹೇಳಲಾಗದು. ಎಷ್ಟೋ ಪದಗಳು ಅಜ್ಜಿಯ ಬಾಯಲ್ಲಿ ಮಾತ್ರ ಇದ್ದವೇನೋ. ಇಂಥದ್ದನ್ನೆಲ್ಲ "ಮತ್ತೆ ಸಿಗದು" ಅನ್ನುವ ಒಂದು ಫೋಲ್ಡರ್‌ಗೆ ಕಾಪಿ ಮಾಡಿ. ನಾನು ನೋಡಿದ ಮನೆಗಳಲ್ಲಿ ಇದು 100 ಜಿಬಿ ದಾಟುವುದು ಕಡಿಮೆ. ಈ ಫೋಲ್ಡರ್ ಮಾತ್ರ ಪ್ರತಿ ರಾತ್ರಿ ಇಂಟರ್‌ನೆಟ್ ಮೇಲಿನ ಜಾಗಕ್ಕೂ ಹೋಗಲಿ. ನ್ಯಾಸ್‌ನಲ್ಲಿರುವ ಹೈಪರ್ ಬ್ಯಾಕಪ್ ಅನ್ನುವ ಪ್ರೋಗ್ರಾಮ್ ಇದನ್ನು ತಾನಾಗಿಯೇ ಮಾಡುತ್ತದೆ. ಹೊಸ ಫೋಟೋಗಳು ಹೇಗೂ ಫೋನಿನಿಂದ ಗೂಗಲ್‌ಗೂ ಹೋಗುತ್ತಿರಲಿ. ಜಾಗ ತುಂಬಿದರೆ, ಎರಡು ಹಬ್ಬ ದಾಟಿದ, ಕೆಂಪು, ಹಸಿರು ಎರಡೂ ಡಿಸ್ಕ್‌ನಲ್ಲಿ ಸೇರಿದ ಹಳೆಯವನ್ನು ಅಲ್ಲಿಂದ ತೆಗೆಯಬಹುದು.

600 ಜಿಬಿಯನ್ನು ಇಂಟರ್‌ನೆಟ್‌ನಲ್ಲಿ ಕಳಿಸಲು ಹೋದರೆ, 40 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೂ ಒಂದೂವರೆ ದಿನದ ಹತ್ತಿರ ಬೇಕು. ನಡುವೆ ಕರೆಂಟು, ಲೈನು ಹೋಗದಿದ್ದರೆ ಮಾತ್ರ. ಡಿಸ್ಕ್ ಬ್ಯಾಗಿನಲ್ಲಿ ಹಾಕಿಕೊಂಡು ರೈಲು ಹತ್ತಿದರೆ ಮೂರು ಗಂಟೆಯ ಕೆಲಸ.

ಈಗ ಹೈಪರ್ ಬ್ಯಾಕಪ್ ಸೆಟ್ ಮಾಡುವಾಗ ಗಮನಿಸಬೇಕಾದ್ದು. ಅದು "ಒಂದೇ ಆವೃತ್ತಿ ಬೇಕಾ, ಹಲವು ಆವೃತ್ತಿ ಬೇಕಾ" ಅಂತ ಕೇಳುತ್ತದೆ. ಹಲವು ಆವೃತ್ತಿ ಆರಿಸಿ. ಮಗ ಸೋಮವಾರ ತಪ್ಪಾಗಿ ಒಂದು ಫೋಲ್ಡರ್ ಅಳಿಸಿ, ನಿಮಗೆ ಮುಂದಿನ ತಿಂಗಳು ಗೊತ್ತಾದರೂ, ಅದಕ್ಕೂ ಹಿಂದಿನ ಭಾನುವಾರದ ಪ್ರತಿ ಅದರಲ್ಲಿ ಇರುತ್ತದೆ. ಬೆಂಗಳೂರಿಗೆ ಹೋಗುವ ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಹಾಕುವುದು ಒಳ್ಳೆಯದು. ದಾರಿಯಲ್ಲಿ ಕಳೆದರೂ ಬೇರೆಯವರು ತೆರೆಯಲಾಗದು. ಆದರೆ ಪಾಸ್‌ವರ್ಡ್ ಮರೆತರೆ, ಅದು ಕೊಡುವ ಕೀ ಫೈಲೂ ಕಳೆದರೆ, ನೀವೂ ತೆರೆಯಲಾಗದು. ಯಾವ ಕಂಪನಿಗೂ ತೆರೆದುಕೊಡಲು ಆಗುವುದಿಲ್ಲ. ಆ ಕೀ ಫೈಲನ್ನು ನ್ಯಾಸ್‌ನ ಒಳಗೇ ಇಟ್ಟವರನ್ನು ನೋಡಿದ್ದೇನೆ. ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದ ಹಾಗೆ ಅದು. ಒಂದು ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಡೆ ಇಡಿ.

ಸಣ್ಣ ತಪ್ಪುಗಳಿಗೆ ಬ್ಯಾಕಪ್‌ವರೆಗೆ ಹೋಗಬೇಕಾಗಿಲ್ಲ. ಪ್ರತಿ ಫೋಲ್ಡರ್‌ನ ಸೆಟ್ಟಿಂಗ್‌ನಲ್ಲಿ ರೀಸೈಕಲ್ ಬಿನ್ ಆನ್ ಆಗಿದೆಯಾ ನೋಡಿ. ನಿಮ್ಮ ನ್ಯಾಸ್‌ನ ವಾಲ್ಯೂಮ್ (ಫೈಲುಗಳನ್ನು ಇಡುವ ಜಾಗ) ಬಿಟಿಆರ್‌ಎಫ್‌ಎಸ್ ಬಗೆಯದ್ದಾಗಿದ್ದರೆ ಸ್ನ್ಯಾಪ್‌ಶಾಟ್ ಕೂಡ ಸಿಗುತ್ತದೆ, ಅಂದರೆ ಒಂದು ಹೊತ್ತಿನಲ್ಲಿ ಫೈಲುಗಳು ಹೇಗಿದ್ದವೋ ಆ ಸ್ಥಿತಿಗೆ ಮರಳುವ ಗುರುತು. ಸ್ಟೋರೇಜ್ ಮ್ಯಾನೇಜರ್ ತೆರೆದರೆ ಯಾವ ಬಗೆ ಅಂತ ತೋರಿಸುತ್ತದೆ. ದಿನಕ್ಕೊಂದು ಸ್ನ್ಯಾಪ್‌ಶಾಟ್, ಒಂದು ತಿಂಗಳು ಉಳಿಯುವಂತೆ ಇಟ್ಟರೆ ಸಾಕು. ಇದೂ ಅದೇ ಡಿಸ್ಕ್‌ನಲ್ಲಿರುವುದರಿಂದ ಇದನ್ನು ಬ್ಯಾಕಪ್ ಅಂತ ಎಣಿಸಬೇಡಿ.

ಇನ್ನು ಪೋರ್ಟ್ ವಿಷಯ. ಪೋರ್ಟ್ ತೆರೆಯುವುದು ಅಂದರೆ ನಿಮ್ಮ ನ್ಯಾಸ್‌ನ ಬಾಗಿಲನ್ನು ಇಡೀ ಜಗತ್ತಿನ ರಸ್ತೆಗೆ ಮುಖ ಮಾಡಿಟ್ಟ ಹಾಗೆ. ಇಂಟರ್‌ನೆಟ್‌ನಲ್ಲಿ ಹಗಲೂ ರಾತ್ರಿ ಇಂಥ ಬಾಗಿಲುಗಳನ್ನೇ ಹುಡುಕುವ ಪ್ರೋಗ್ರಾಮ್‌ಗಳು ಓಡುತ್ತಿರುತ್ತವೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನುವ ಪೆಟ್ಟಿಗೆಗಳಿಗೆ ಹೊರಗಿನವರು ನುಗ್ಗಿ, ಒಳಗಿದ್ದದ್ದನ್ನೆಲ್ಲ ಅಳಿಸಿಹಾಕಿದರು. ಅವುಗಳಿಗೆ 2015ರಿಂದ ಅಪ್‌ಡೇಟ್ ಬಂದಿರಲಿಲ್ಲ. ಜನ ಬೆಳಿಗ್ಗೆ ಎದ್ದು ನೋಡಿದರೆ ಖಾಲಿ ಪೆಟ್ಟಿಗೆ. 2022ರ ಜನವರಿಯಲ್ಲಿ ಇಂಟರ್‌ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್‌ಸಮ್‌ವೇರ್ ನುಗ್ಗಿತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಸೈನಾಲಜಿಯವರಿಗೂ 2014ರಲ್ಲಿ ಸೈನೋಲಾಕರ್ ಅನ್ನುವ ಇಂಥದ್ದೇ ರ‍್ಯಾನ್‌ಸಮ್‌ವೇರ್ ಕಾಟ ಬಂದಿತ್ತು. ಯಾವ ಕಂಪನಿಯೂ ಇದಕ್ಕೆ ಹೊರತಲ್ಲ. ಅಪ್‌ಡೇಟ್ ಹಾಕದೆ ಬಾಗಿಲು ತೆರೆದಿಟ್ಟರೆ ಯಾವತ್ತೋ ಒಂದು ದಿನ ಯಾರೋ ಬರುತ್ತಾರೆ.

ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್‌ನವರು ಹೊರಗಿನ ಒಂದೇ ಐಪಿ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುತ್ತಾರೆ. ಅಂಥ ಲೈನಿನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ನ್ಯಾಸ್ ಸಿಗುವುದೇ ಇಲ್ಲ. ಸುಮ್ನೆ ಒದ್ದಾಟ.

ಹೊರಗಿನಿಂದ ನೋಡಬೇಕು ಅಂದರೆ ಟೇಲ್‌ಸ್ಕೇಲ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಮನೆ ಬಳಕೆಗೆ ಪುಕ್ಕಟೆ ಸಿಗುತ್ತದೆ. ನ್ಯಾಸ್‌ನಲ್ಲೂ ನಿಮ್ಮ ಫೋನುಗಳಲ್ಲೂ ಹಾಕಿದರೆ, ಅವುಗಳ ನಡುವೆ ಮಾತ್ರ ಒಂದು ಖಾಸಗಿ ದಾರಿ ಆಗುತ್ತದೆ. ಬೇರೆಯವರಿಗೆ ಬಾಗಿಲೇ ಕಾಣುವುದಿಲ್ಲ. ಅಪ್ಪನಿಗೆ ಅದು ಕಷ್ಟ ಅನಿಸಿದರೆ ಸೈನಾಲಜಿಯದೇ ಕ್ವಿಕ್‌ಕನೆಕ್ಟ್ ಅನ್ನುವ ಸೇವೆ ಇದೆ. ಅದಕ್ಕೂ ಪೋರ್ಟ್ ತೆರೆಯಬೇಕಾಗಿಲ್ಲ. ಅದನ್ನು ಬಳಸಿದರೆ ಎಲ್ಲರ ಲಾಗಿನ್‌ಗೂ ಎರಡು ಹಂತದ ಪರಿಶೀಲನೆ ಇರಲೇಬೇಕು. "ಅಡ್ಮಿನ್" ಅನ್ನುವ ಹೆಸರಿನ ಖಾತೆ ಚಾಲೂ ಇದ್ದರೆ ನಿಲ್ಲಿಸಿ. ಮಕ್ಕಳಿಗೆ ಬೇರೆ ಖಾತೆ ಕೊಡಿ, "ಮತ್ತೆ ಸಿಗದು" ಫೋಲ್ಡರ್ ಅವರಿಗೆ ಓದಲು ಮಾತ್ರ ಸಿಗಲಿ. ಅಪ್‌ಡೇಟ್ ತಾನಾಗಿಯೇ ಆಗುವಂತೆ ಇಡಿ.

ಇನ್ವರ್ಟರ್ ಇದೆ ಅಂದಿರಿ. ಇನ್ವರ್ಟರ್‌ಗೆ ಹಿಂಬದಿಯಲ್ಲೋ ಮುಂದೆಯೋ ಒಂದು ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬರುವ ಆ ಚಿಕ್ಕ ಗ್ಯಾಪ್‌ನಲ್ಲಿ ನ್ಯಾಸ್ ಆಫ್ ಆಗಿ ಮತ್ತೆ ಆನ್ ಆಗಬಹುದು. ಬರೆಯುತ್ತಿರುವಾಗ ಹೀಗಾಗುವುದು ಡಿಸ್ಕ್‌ಗೆ ಒಳ್ಳೆಯದಲ್ಲ. ಯುಪಿಎಸ್ ಮೋಡ್‌ಗೆ ಹಾಕಿದರೆ ಅದು ತಪ್ಪುತ್ತದೆ. ಆದರೂ ಬ್ಯಾಟರಿ ಖಾಲಿಯಾಗುತ್ತಿದೆ ಅಂತ ನ್ಯಾಸ್‌ಗೆ ಹೇಳುವ ದಾರಿ ಮಾಮೂಲಿ ಇನ್ವರ್ಟರ್‌ಗೆ ಇಲ್ಲ. ಯುಎಸ್‌ಬಿ ಡೇಟಾ ಕೇಬಲ್ ಇರುವ 600 ವಿಎ ಯುಪಿಎಸ್ ಒಂದು ತಂದು ನ್ಯಾಸ್‌ಗೆ ಜೋಡಿಸಿ. ಕರೆಂಟ್ ಬರದಿದ್ದರೆ ನ್ಯಾಸ್ ಫೈಲುಗಳನ್ನೆಲ್ಲ ಮುಚ್ಚಿ, ಮರ್ಯಾದೆಯಿಂದ ಆಫ್ ಆಗುತ್ತದೆ. ಕೊಳ್ಳುವಾಗ ನ್ಯಾಸ್ ಕಂಪನಿಯ ಪಟ್ಟಿಯಲ್ಲಿ ಆ ಯುಪಿಎಸ್ ಇದೆಯಾ ನೋಡಿ. ಕರೆಂಟ್ ಖರ್ಚಿನ ಚಿಂತೆ ಬೇಡ. 20 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ 14-15 ಯೂನಿಟ್. ಮನೆಯ ಹೊರಗಿನಿಂದ ಯಾವುದಾದರೂ ನೆಟ್‌ವರ್ಕ್ ಕೇಬಲ್ ಒಳಗೆ ಬರುತ್ತಿದ್ದರೆ, ಗುಡುಗುವ ದಿನ ಅದನ್ನೂ ಎಳೆದುಬಿಡಿ. ಪೆಟ್ಟಿಗೆಯನ್ನು ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಮುಚ್ಚಿಡಬೇಡಿ, ಗಾಳಿ ಆಡಲಿ.

ಡಿಸ್ಕ್ ಯಾವ ಬಗೆಯದ್ದು ಅಂತ ಬರೆದಿಲ್ಲ. ಬಿಲ್ ನೋಡಿ. ನ್ಯಾಸ್‌ಗೆ ಸಿಎಂಆರ್ ಬಗೆಯ ಡಿಸ್ಕ್ ಬೇಕು. ಎಸ್‌ಎಂಆರ್ ಬಗೆಯದ್ದರಲ್ಲಿ ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಗೆರೆಗಳು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಹಾಯ್ದಿರುತ್ತವೆ. ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಡಿಸ್ಕ್ ಬದಲಿಸಿ ಕನ್ನಡಿ ತುಂಬಿಸುವಾಗ ಇದು ತುಂಬ ನಿಧಾನ ಆಗುತ್ತದೆ. ಸ್ಟೋರೇಜ್ ಮ್ಯಾನೇಜರ್‌ನಲ್ಲಿ ತಿಂಗಳಿಗೊಮ್ಮೆ ಡಿಸ್ಕ್ ಪರೀಕ್ಷೆ ನಡೆಯುವಂತೆ ಇಟ್ಟು, ಏನಾದರೂ ಕೆಟ್ಟರೆ ನಿಮ್ಮ ಇಮೇಲ್‌ಗೂ ತಮ್ಮನ ಇಮೇಲ್‌ಗೂ ಸುದ್ದಿ ಬರುವಂತೆ ಮಾಡಿ. ಒಂದು ಡಿಸ್ಕ್ ಸತ್ತು ತಿಂಗಳಾಗಿದ್ದರೂ, ನ್ಯಾಸ್ ಬೀಪ್ ಅನ್ನುತ್ತಿದ್ದರೂ, ಯುಪಿಎಸ್ ಸದ್ದು ಅಂದುಕೊಂಡು ಬಿಟ್ಟ ಮನೆಯೊಂದನ್ನು ನೋಡಿದ್ದೇನೆ.

ಫೋನುಗಳ ವಿಷಯದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಫೋಲ್ಡರ್ ಮಾತ್ರ ನ್ಯಾಸ್‌ಗೆ ಹೋಗುತ್ತಿರುತ್ತದೆ, ವಾಟ್ಸ್‌ಆ್ಯಪ್‌ನದ್ದು ಹೋಗುವುದಿಲ್ಲ. ನೆಂಟರು ಕಳಿಸಿದ ಹಳೆಯ ಫೋಟೋ, ಅಪ್ಪ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲ ಇರುವುದು ಅಲ್ಲೇ. ಆ ಫೋಲ್ಡರನ್ನೂ ಸೇರಿಸಿ. ಐಫೋನ್ ಇದ್ದರೆ, "ಸ್ಟೋರೇಜ್ ಆಪ್ಟಿಮೈಸ್" ಆನ್ ಇದೆಯಾ ನೋಡಿ. ಇದ್ದರೆ ಮೂಲ ಫೋಟೋ ಆ್ಯಪಲ್ ಬಳಿ ಇರುತ್ತದೆ, ಫೋನಿನಲ್ಲಿರುವುದು ಚಿಕ್ಕ ಪ್ರತಿ ಮಾತ್ರ. ಗೂಗಲ್‌ನಲ್ಲಿರುವ ಹಳೆಯ ಫೋಟೋಗಳನ್ನು ಅವರದೇ ಟೇಕ್‌ಔಟ್ ಅನ್ನುವ ಸೌಲಭ್ಯದ ಮೂಲಕ ಇಳಿಸಿಕೊಂಡರೆ, ಪ್ರತಿ ಫೋಟೋ ಜೊತೆ ಒಂದು ಚಿಕ್ಕ ಜೇಸನ್ ಫೈಲ್ ಬರುತ್ತದೆ. ಕಸ ಅಂತ ಅದನ್ನು ಬಿಸಾಡಬೇಡಿ. ನೀವು ಗೂಗಲ್‌ನಲ್ಲಿ ತಿದ್ದಿದ ತಾರೀಕು, ಬರೆದ ವಿವರಣೆ ಇರುವುದು ಅದರಲ್ಲೇ.

ಇದೆಲ್ಲ ಮಾಡಿದ ಮೇಲೆ ಇಡೀ ವ್ಯವಸ್ಥೆ ನಿಮ್ಮೊಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಒಂದು ಹಾಳೆಯಲ್ಲಿ ಕೈಯಲ್ಲೇ ಬರೆಯಿರಿ. ನ್ಯಾಸ್‌ನ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್, ಬ್ಯಾಕಪ್‌ನ ಪಾಸ್‌ವರ್ಡ್, ಕೀ ಇರುವ ಪೆನ್‌ಡ್ರೈವ್ ಎಲ್ಲಿದೆ, ಕೆಂಪು ಡಿಸ್ಕ್ ಯಾರ ಮನೆಯಲ್ಲಿದೆ. ಮನೆ ಪತ್ರ ಇಡುವ ಕವರ್‌ನಲ್ಲೇ ಅದನ್ನೂ ಇಡಿ. ನಿಮ್ಮ ಯಜಮಾನರನ್ನು ಕೂರಿಸಿಕೊಂಡು, ಆ ಹಾಳೆ ನೋಡಿಕೊಂಡೇ ಅವರು ಒಮ್ಮೆ ಲಾಗಿನ್ ಆಗಲಿ. ಗೂಗಲ್ ಖಾತೆಗೆ "ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್" ಅನ್ನುವುದಿದೆ. ನೀವು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಯಾರಿಗೆ ಕೊಡಬೇಕು ಅಂತ ಅದರಲ್ಲಿ ಹೇಳಿಡಬಹುದು. ಅಪ್ಪನ ಖಾತೆಗೂ ಅವರನ್ನು ಕೇಳಿ ಮಾಡಿಡಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು.

ಕೊನೆಗೆ ಒಂದು ಪರೀಕ್ಷೆ. ಕೆಂಪು ಡಿಸ್ಕ್ ಬೆಂಗಳೂರಿಗೆ ಹೋದ ವಾರವೇ ಇದನ್ನು ಮಾಡಿ. ನಿಮ್ಮ ನ್ಯಾಸ್ ಇಲ್ಲವೇ ಇಲ್ಲ ಅಂದುಕೊಳ್ಳಿ. ನಿಮ್ಮ ತಮ್ಮ ಅವರ ಲ್ಯಾಪ್‌ಟಾಪ್‌ಗೆ ಹೈಪರ್ ಬ್ಯಾಕಪ್ ಎಕ್ಸ್‌ಪ್ಲೋರರ್ (ಆ ಬ್ಯಾಕಪ್ ತೆರೆದು ನೋಡುವ ಪ್ರೋಗ್ರಾಮ್) ಹಾಕಿಕೊಂಡು ಆ ಡಿಸ್ಕ್ ಚುಚ್ಚಲಿ. ನೀವು ಫೋನ್‌ನಲ್ಲಿ ಆ ಹಾಳೆ ನೋಡಿ ಪಾಸ್‌ವರ್ಡ್ ಓದಿ ಹೇಳಿ. ಅವರು "ಮತ್ತೆ ಸಿಗದು" ಫೋಲ್ಡರ್ ತೆರೆದು, ಅಜ್ಜಿಯ ಒಂದು ಪದವನ್ನು ಹೊರಗೆ ತೆಗೆದು ಹಾಕಲಿ. ಅದು ಮೊದಲಿನಿಂದ ಕೊನೆಯವರೆಗೆ ನಿಮಗೆ ಫೋನಿನಲ್ಲಿ ಕೇಳಿಸಿದ ಮೇಲೆ, ಕೆಂಪು, ಹಸಿರು ಎರಡೂ ಡಿಸ್ಕ್‌ಗೆ ಸೇರಿದ ಹಳೆಯ ಫೋಟೋಗಳನ್ನು ಫೋನಿನಿಂದ ಅಳಿಸಬಹುದು.